ವೋಟರ್ ಲಿಸ್ಟಿಗೆ ಹೆಸರು ಸೇರಿಸುವುದು ಹೇಗೆ? ಹೊಸಬರು ಎಡವುವುದು ವಿಳಾಸದ ಹತ್ತಿರ

ಹೊಸ ಮತದಾರರಿಗೆ ಪಟ್ಟಿಯ ನೆನಪಾಗುವುದೇ ಚುನಾವಣೆ ಘೋಷಣೆಯಾದ ಮೇಲೆ. ನಾಮಪತ್ರ ಸಲ್ಲಿಸುವ ಕೊನೆ ದಿನ ದಾಟಿತೋ, ಆ ಚುನಾವಣೆಗೆ ಹೆಸರು ಸೇರುವುದಿಲ್ಲ. ಅರ್ಜಿ ಪರಿಶೀಲನೆಗೂ ದಿನ ಹಿಡಿಯುತ್ತದೆ. 17 ತುಂಬಿದವರು ಈಗಲೇ ಮುಂಗಡ ಅರ್ಜಿ ಹಾಕಬಹುದು. 18 ತುಂಬಿತೇ ಎಂದು ಲೆಕ್ಕ ಹಾಕುವ ದಿನ ಮೊದಲೆಲ್ಲ ಜನವರಿ 1 ಒಂದೇ ಇತ್ತು, ಈಗ ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಇವೆ.

ತುಂಬಬೇಕಾದ್ದು ಫಾರಂ 6. ಚುನಾವಣಾ ಆಯೋಗದ ಪೋರ್ಟಲ್‌ನಲ್ಲಿ ಹಾಕಿ, ಇಲ್ಲವೇ ನಿಮ್ಮ ಬೂತ್‌ನ ಪಟ್ಟಿ ನೋಡಿಕೊಳ್ಳುವ ಅಧಿಕಾರಿ, ಅಂದರೆ ಬಿಎಲ್‌ಒ ಕೈಗೆ ಕೊಡಿ. ಫೋಟೊ, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ವಿಳಾಸಕ್ಕೊಂದು ದಾಖಲೆ. ಶುಲ್ಕ ಇಲ್ಲ. ಸೈಬರ್ ಸೆಂಟರ್‌ಗೆ ಮಾತ್ರ ಒಪ್ಪಿಸಬೇಡಿ. ಎಷ್ಟೋ ಕಡೆ ಅವರದೇ ಮೊಬೈಲ್ ನಂಬರ್ ಹಾಕಿಬಿಡುತ್ತಾರೆ, ಆಮೇಲೆ ಒಟಿಪಿಗೂ ಅವರ ಬಾಗಿಲೇ ಕಾಯಬೇಕು.

ಈಗ ವಿಳಾಸ. ಊರು ಹಾಸನ, ಓದುವುದು ಬೆಂಗಳೂರಿನ ಹಾಸ್ಟೆಲ್‌ನಲ್ಲಿ ಇದ್ದುಕೊಂಡು. ಯಾವುದು ಬರೆಯಬೇಕು? ವಿದ್ಯಾರ್ಥಿಗಳು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಹಾಸ್ಟೆಲ್ ವಿಳಾಸವಾದರೆ ಕಾಲೇಜಿನಿಂದ ವ್ಯಾಸಂಗ ಪ್ರಮಾಣಪತ್ರ ತನ್ನಿ. ಎರಡೂ ಕಡೆ ಇರಲಿ ಬಿಡು ಅಂತ ಸುಮ್ನೆ ಹಾಕುವವರಿದ್ದಾರಲ್ಲ, ಅದು ಕಾನೂನಿಗೆ ವಿರುದ್ಧ. ನನ್ನನ್ನು ಕೇಳಿದರೆ, ಯಾವ ಬೀದಿಯ ಚರಂಡಿ, ಯಾವ ರೂಟಿನ ಬಸ್ಸಿಗೆ ದಿನಾ ಬೈಯುತ್ತೀರೋ ಅಲ್ಲೇ ಹೆಸರಿರಬೇಕು. ಚುನಾವಣೆ ದಿನ ಊರಿಗೆ ಹೋಗುತ್ತೇನೆ ಅಂದವರಲ್ಲಿ ಎಷ್ಟೋ ಜನ ಬಸ್ ಟಿಕೆಟ್ ಸಿಗದೆ ರೂಮಿನಲ್ಲೇ ಉಳಿಯುತ್ತಾರೆ. ಮುಂದೆ ಮನೆ ಬದಲಾದರೆ ಮತ್ತೆ ಫಾರಂ 6 ಹಾಕಬೇಡಿ, ಅದಕ್ಕಿರುವುದು ಫಾರಂ 8. ಮನೆಯವರ ಜತೆಯೇ ಇದ್ದರೆ ಫಾರಂ 6ರಲ್ಲಿ ಅವರ ವೋಟರ್ ಐಡಿ ನಂಬರ್ ಕೇಳುವ ಜಾಗವನ್ನು ಖಾಲಿ ಬಿಡಬೇಡಿ. ಬಿಟ್ಟರೆ ಅಮ್ಮನಿಗೊಂದು ಬೂತ್, ನಿಮಗೊಂದು ಬೂತ್ ಆಗಬಹುದು.

ಎಡವುವ ಜಾಗ ಇನ್ನೊಂದಿದೆ. ಪೋರ್ಟಲ್‌ನಲ್ಲಿ ಇಂಗ್ಲಿಷಿನಲ್ಲಿ ಹೆಸರು ಹೊಡೆದರೆ ಕನ್ನಡದ್ದು ತಾನೇ ತುಂಬಿಕೊಳ್ಳುತ್ತದೆ. ಅದಕ್ಕೆ ದೀರ್ಘ, ಒತ್ತು, ಣ, ಳ ಎಲ್ಲಿ ಗೊತ್ತು? ವೀಣಾ ಹೋಗಿ ವಿನಾ, ಮಂಜುಳಾ ಹೋಗಿ ಮಂಜುಲ. ಅಪ್ಪನ ಹೆಸರು, ಬೀದಿ ಹೆಸರನ್ನೂ ಒಂದೊಂದೇ ಅಕ್ಷರ ನೋಡಿ ತಿದ್ದಿ, ಆಮೇಲೆ ಸಬ್‌ಮಿಟ್ ಒತ್ತಿ.

ರೆಫರೆನ್ಸ್ ನಂಬರಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬಿಎಲ್‌ಒ ವಿಚಾರಿಸಲು ಬಂದಾಗ ಮನೆಯಲ್ಲಿ ಯಾರಾದರೂ ಇರಲಿ. ಕಾರ್ಡ್ ಅಂಚೆಯಲ್ಲಿ ಬರುತ್ತದೆ. ಬಂದ ಮೇಲೂ ಪ್ರತಿ ಚುನಾವಣೆಗೆ ಮುಂಚೆ ಪಟ್ಟಿಯಲ್ಲಿ ಹೆಸರು ಹುಡುಕಿ ನೋಡಿ. ಹೆಸರಿದ್ದರೆ ಆಧಾರ್ ತೋರಿಸಿಯೂ ವೋಟು ಹಾಕಬಹುದು, ಹೆಸರಿಲ್ಲದಿದ್ದರೆ ಕಾರ್ಡಿದ್ದರೂ ಆಗುವುದಿಲ್ಲ. ಅನುಮಾನ ಬಂದರೆ 1950ಕ್ಕೆ ಫೋನ್ ಮಾಡಿ.