ಅಟ್ಟದ ಪೆಟ್ಟಿಗೆಯನ್ನು ಕೆಳಗಿಳಿಸುವುದು ಹೇಗೆ?

1990ರ ದಶಕದಲ್ಲಿ ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಮನೆಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಬಾಗಿಲು ತಟ್ಟುವ ದೆವ್ವವು ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಓದಿ ಮತ್ತೆ ಹಿಂದಿರುಗುತ್ತದೆ ಎಂಬುದು ಆಗಿನ ವದಂತಿ. ದೆವ್ವ ತೊಲಗಿತೆಂದು ಆ ಕಥೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ನಮ್ಮ ಬೀರು, ಅಟ್ಟ, ಮಂಚದಡಿಗಳ ಮೇಲೂ ನಾವು ಅದೇ ಎರಡು ಪದಗಳನ್ನು ಬರೆದಿಟ್ಟಿದ್ದೇವೆ. ಮೊದಲ ಬಾಡಿಗೆ ಮನೆಯಲ್ಲಿ ಕಟ್ಟಿದ ರಟ್ಟಿನ ಪೆಟ್ಟಿಗೆ ಮೂರನೆಯ ಮನೆಯ ಅಟ್ಟಕ್ಕೂ ಬಿಚ್ಚದೆಯೇ ಏರಿರುತ್ತದೆ.

ಸಮಯವಿಲ್ಲ ಎಂಬ ಕಾರಣವನ್ನು ನಾನು ನಂಬುವುದಿಲ್ಲ. ಆಯುಧಪೂಜೆಯ ಹಿಂದಿನ ಎರಡು ದಿನಗಳಲ್ಲಿ, ಅಥವಾ ಊರಿನಿಂದ ಬೀಗರು ಬರುತ್ತಾರೆಂಬ ಫೋನು ಬಂದ ಸಂಜೆ, ಅದೇ ಮನೆಯನ್ನು ಅದೇ ಜನ ಚೊಕ್ಕಟ ಮಾಡಿಬಿಡುತ್ತಾರಲ್ಲ! ಮನಶ್ಶಾಸ್ತ್ರಜ್ಞರಾದ ಫ್ಯೂಷಿಯಾ ಸಿರೊಯಿಸ್ ಮತ್ತು ತಿಮೊಥಿ ಪಿಚಿಲ್ ಅವರು 2013ರ ತಮ್ಮ ಪ್ರಬಂಧದಲ್ಲಿ ವಿವರಿಸಿದಂತೆ, ಮುಂದೂಡುವಿಕೆಯೆಂದರೆ ಕೆಲಸವೊಂದು ಮನಸ್ಸಿಗೆ ತರುವ ಕಿರಿಕಿರಿಯಿಂದ ಆ ಕ್ಷಣಕ್ಕೆ ಪಾರಾಗುವ ಉಪಾಯ. ಅದರ ಭಾರ ಬೀಳುವುದು ನಾಳಿನ ನಮ್ಮ ಮೇಲೆ. ಮನೆಯ ರಾಶಿಯ ವಿಷಯದಲ್ಲಿ ಆ ಕಿರಿಕಿರಿ ಹುಟ್ಟುವುದು ತೀರ್ಮಾನದಿಂದ. ಇಡುವುದೋ, ಕೊಡುವುದೋ, ಕೊಟ್ಟರೆ ಯಾರಿಗೆ ಎಂದು ಪ್ರತಿ ವಸ್ತುವೂ ಕೇಳುತ್ತದೆ, ಮೂವತ್ತು ವಸ್ತುಗಳು ಒಟ್ಟಿಗೆ ಕೇಳಿದರೆ ಯಾರಾದರೂ ಬೀರುವಿನ ಬಾಗಿಲು ಮುಚ್ಚಿಯೇಬಿಡುತ್ತಾರೆ.

ಮೊದಲು ಹೋಗುವ ದಾರಿ

ಆದ್ದರಿಂದ ಮೊದಲ ಹೆಜ್ಜೆಯನ್ನು ಬೀರುವಿನ ಬಾಗಿಲು ತೆರೆಯುವ ಮುನ್ನವೇ ಇಡಬೇಕು. ಯಾವ ಬಗೆಯ ವಸ್ತು ಮನೆಯಿಂದ ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಇದನ್ನು ಮಾಡದೆ ಆರಂಭಿಸಿದ್ದರ ಫಲವನ್ನು ನಾನೇ ಉಂಡಿದ್ದೇನೆ. ಕೊಡಬೇಕೆಂದು ಕಟ್ಟಿಟ್ಟ ಬಟ್ಟೆಯ ಚೀಲ ನಾಲ್ಕು ತಿಂಗಳು ನಮ್ಮ ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿತ್ತು, ಆಮೇಲೆ ಕಾರಿನ ಡಿಕ್ಕಿಗೆ ಹೋಗಿ ಅಲ್ಲೊಂದು ಮಳೆಗಾಲವನ್ನು ಕಳೆಯಿತು, ಕೊನೆಗೆ ಮುಗ್ಗಲು ವಾಸನೆ ಹಿಡಿದು ಯಾರಿಗೂ ಕೊಡಲಾಗದ ಸ್ಥಿತಿಯಲ್ಲಿ ಮನೆಗೇ ಮರಳಿತು.

ನಮ್ಮ ಬೆಂಗಳೂರಿನಲ್ಲಿ ಈ ದಾರಿಗಳಿಗೆ ಕೊರತೆಯಿಲ್ಲ. ಪತ್ರಿಕೆ, ರಟ್ಟು, ಕಬ್ಬಿಣ, ಹಿತ್ತಾಳೆಗಳಿಗೆ ಬೀದಿಯ ಗುಜರಿ ಅಂಗಡಿಯಿದೆ. ಪ್ಲಾಸ್ಟಿಕ್ ಡಬ್ಬಿ, ಬಾಟಲಿಗಳನ್ನು ತೊಳೆದು ಒಣಗಿಸಿಟ್ಟರೆ ಒಣಕಸದ ದಿನ ಆಟೊದವರು ಒಯ್ಯುತ್ತಾರೆ, ಇಲ್ಲವೇ ವಾರ್ಡಿನ ಒಣ ತ್ಯಾಜ್ಯ ಸಂಗ್ರಹಣಾ ಕೇಂದ್ರಕ್ಕೆ ನಾವೇ ಮುಟ್ಟಿಸಬಹುದು. ಪಠ್ಯಪುಸ್ತಕಗಳಿಗೆ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ವ್ಯಾಪಾರಿಗಳಿದ್ದಾರೆ, ಕಾದಂಬರಿಗಳಿಗೆ ಚರ್ಚ್ ಸ್ಟ್ರೀಟಿನಲ್ಲಿ ಹಳೆಯ ಪುಸ್ತಕಗಳನ್ನೂ ಮಾರುವ ಮಳಿಗೆಗಳಿವೆ. ಸತ್ತ ಮೊಬೈಲು, ಚಾರ್ಜರ್, ರಿಮೋಟುಗಳನ್ನು ಮಾತ್ರ ಬೇರೆ ಚೀಲದಲ್ಲಿ ಕೂಡಿಹಾಕಿ ಇ-ತ್ಯಾಜ್ಯ ಸ್ವೀಕರಿಸುವವರಿಗೇ ಕೊಡಬೇಕು. ಉಬ್ಬಿದ ಲಿಥಿಯಂ ಬ್ಯಾಟರಿ ಕಸದ ಗಾಡಿಯಲ್ಲಿ ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳಬಹುದು. ಚೀಟಿಯಲ್ಲಿ ಪ್ರತಿ ದಾರಿಯ ಮುಂದೆ ಒಂದು ವಾರದ ಹೆಸರನ್ನೂ ಬರೆಯಿರಿ. ‘ಬಟ್ಟೆ, ಶನಿವಾರ ಬೆಳಿಗ್ಗೆ’ ಎಂದಿದ್ದರೆ ಚೀಲ ಹೊರಡುತ್ತದೆ, ‘ಬಟ್ಟೆ, ಯಾರಿಗಾದರೂ’ ಎಂದಿದ್ದರೆ ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲೇ ಉಳಿಯುತ್ತದೆ.

ಔಷಧಿ ಡಬ್ಬಿಯಿಂದ ಆರಂಭಿಸಿ

ಎರಡನೆಯ ಹೆಜ್ಜೆ ಎಷ್ಟು ಚಿಕ್ಕದಾಗಿದ್ದರೆ ಅಷ್ಟು ಒಳ್ಳೆಯದು. ಅಟ್ಟವನ್ನು ಸದ್ಯಕ್ಕೆ ಮರೆತು, ಯಾವ ಭಾವನೆಯೂ ಅಂಟಿಕೊಂಡಿರದ, ಒಂದೇ ಸಲ ಕುಳಿತು ಮುಗಿಸಬಹುದಾದ ಜಾಗವನ್ನು ಆರಿಸಿಕೊಳ್ಳಿ. ನನ್ನ ಶಿಫಾರಸು ಔಷಧಿಗಳನ್ನಿಟ್ಟಿರುವ ಬಿಸ್ಕತ್ತಿನ ಡಬ್ಬಿ. ಅದನ್ನು ಊಟದ ಮೇಜಿನ ಮೇಲೆ ಪೂರ್ತಿಯಾಗಿ ಸುರಿಯಿರಿ. ಎರಡು ಮಾತ್ರೆ ಉಳಿದ ಸ್ಟ್ರಿಪ್ಪಿನಲ್ಲಿ ದಿನಾಂಕವಿದ್ದ ಮೂಲೆಯೇ ಕತ್ತರಿಸಿಹೋಗಿರುತ್ತದೆ, ಕೆಮ್ಮಿನ ಸಿರಪ್ಪಿನ ಮುಚ್ಚಳ ಸಕ್ಕರೆ ಕಟ್ಟಿ ಅಂಟಿಕೊಂಡಿರುತ್ತದೆ, ಹೋದ ವರ್ಷ ಮದ್ರಾಸ್ ಐ ಬಂದಾಗ ತೆರೆದ ಕಣ್ಣಿನ ಹನಿ ಅಲ್ಲೇ ಇರುತ್ತದೆ. ತೆರೆದ ಕಣ್ಣಿನ ಹನಿಯನ್ನು ಸಾಮಾನ್ಯವಾಗಿ ಒಂದು ತಿಂಗಳಿಗಿಂತ ಹೆಚ್ಚು ಬಳಸಬಾರದು. ದಿನಾಂಕ ಮೀರಿದ್ದು ಮತ್ತು ದಿನಾಂಕವೇ ಕಾಣದ್ದು ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ. ಇಲ್ಲಿ ತೀರ್ಮಾನವನ್ನು ದಿನಾಂಕವೇ ಮಾಡಿಕೊಡುವುದರಿಂದ ಮನಸ್ಸು ಚೌಕಾಸಿಗೆ ಇಳಿಯುವುದಿಲ್ಲ. ಅವಧಿ ಮೀರಿದ ಔಷಧವನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯ ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಸೇರಿಸಿದ್ದವು; ಅದನ್ನು ಹಸಿ ಅಥವಾ ಒಣ ಕಸದೊಂದಿಗೆ ಬೆರೆಸದೆ ಬೇರೆಯಾಗಿ ಕಟ್ಟಿ, ಅದೇನೆಂದು ಹೇಳಿ ಕೊಡಿ.

ಗಡಿಯಾರದಲ್ಲಿ 25 ನಿಮಿಷ ಇಟ್ಟುಕೊಳ್ಳಿ. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ಟೊಮೆಟೊ ಆಕಾರದ ಅಡುಗೆಮನೆಯ ಟೈಮರ್ ಇಟ್ಟುಕೊಂಡು ರೂಢಿಸಿದ ಅವಧಿಯಿದು. ಗಂಟೆ ಬಾರಿಸಿದ ಮೇಲೆ, ಹುಮ್ಮಸ್ಸು ಎಷ್ಟೇ ಉಳಿದಿದ್ದರೂ ನಿಲ್ಲಿಸಿ. ಒಂದೇ ದಿನ ಇಡೀ ಮನೆಯನ್ನು ಬಗೆದು ರಾತ್ರಿ ಹನ್ನೊಂದಕ್ಕೆ ಹಾಸಿಗೆಯ ಮೇಲೆ ರಾಶಿ ಹಾಕಿಕೊಂಡವರು ಮುಂದಿನ ಆರು ತಿಂಗಳು ಬೀರುವಿನ ಕಡೆ ತಿರುಗಿಯೂ ನೋಡುವುದಿಲ್ಲ.

ಇನ್ನು ಯಾವಾಗ ಎಂಬ ಪ್ರಶ್ನೆ. ‘ಬಿಡುವಾದಾಗ’ ಎನ್ನಬೇಡಿ, ‘ಭಾನುವಾರ ತಿಂಡಿ ಮುಗಿದು ತಟ್ಟೆ ತೊಳೆದ ಕೂಡಲೇ, ಎರಡನೇ ಕಾಫಿಗೆ ಮುನ್ನ’ ಎನ್ನಿ. ಇಂಥದ್ದಾದ ಕೂಡಲೇ ಇಂಥದ್ದನ್ನು ಮಾಡುತ್ತೇನೆ ಎಂದು ಮೊದಲೇ ಕಟ್ಟಿಕೊಂಡ ಸಂಕಲ್ಪವು ಬರಿಯ ಆಸೆಗಿಂತ ಹೆಚ್ಚು ನೆರವೇರುತ್ತದೆ ಎಂಬುದನ್ನು ಪೀಟರ್ ಗೋಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು 1990ರ ದಶಕದಿಂದಲೂ ತೋರಿಸುತ್ತ ಬಂದಿದ್ದಾರೆ. ಅದೂ ಸಾಲದಿದ್ದರೆ ಗೆಳೆಯರೊಬ್ಬರನ್ನು ಹನ್ನೊಂದಕ್ಕೆ ಕಾಫಿಗೆ ಕರೆದುಬಿಡಿ.

‘ಬೇಕಾಗಬಹುದು’

ಔಷಧಿ ಡಬ್ಬಿಯಿಂದ ಅಡುಗೆಮನೆಗೆ ಬಂದಾಗ ಪ್ರತಿರೋಧ ಆರಂಭವಾಗುತ್ತದೆ. ಪಾರ್ಸೆಲ್ ಬಂದ ಬಿಳಿ ಡಬ್ಬಿಗಳು, ಕವರಿನೊಳಗೆ ತುರುಕಿದ ಕವರುಗಳು, ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದು ಹೆಸರು ಕೆತ್ತಿಸಿಕೊಂಡ ಸ್ಟೀಲ್ ಪಾತ್ರೆಗಳು, ಅರಿಶಿನ ಕುಂಕುಮದ ಜೊತೆ ಕೈಯಿಂದ ಕೈಗೆ ಸುತ್ತುತ್ತಿರುವ ಬ್ಲೌಸ್ ಪೀಸುಗಳು, ಎಲ್ಲವೂ ‘ಬೇಕಾಗಬಹುದು’. ಸಂಶೋಧಕರಾದ ಕಾನೆಮನ್, ನೆಟ್ಶ್ ಮತ್ತು ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಗಷ್ಟೇ ಕಾಫಿ ಲೋಟ ಕೈಗೆ ಬಂದ ವಿದ್ಯಾರ್ಥಿಗಳು ಅದನ್ನು ಮಾರಲು, ಲೋಟ ಸಿಗದವರು ಕೊಡಲೊಪ್ಪಿದ ಬೆಲೆಯ ಸುಮಾರು ಎರಡರಷ್ಟನ್ನು ಕೇಳಿದ್ದರು. ಕೆಲವೇ ನಿಮಿಷ ಕೈಯಲ್ಲಿದ್ದ ಲೋಟಕ್ಕೇ ಇಷ್ಟು ಮೋಹವಾದರೆ, ಹದಿನೈದು ವರ್ಷದ ಟಿಫನ್ ಕ್ಯಾರಿಯರಿನ ಮಾತೇನು? ಆದ್ದರಿಂದ ‘ಇದನ್ನು ಕೊಡಲೇ’ ಎಂದು ಕೇಳಿಕೊಳ್ಳಬೇಡಿ, ‘ಇದು ಕಳೆದುಹೋದರೆ ನಾಳೆ ದುಡ್ಡು ಕೊಟ್ಟು ಇನ್ನೊಂದು ತರುತ್ತೇನೆಯೇ’ ಎಂದು ಕೇಳಿಕೊಳ್ಳಿ. ಬಾಡಿಗೆ ಮನೆಯವರು ಇನ್ನೊಂದು ಲೆಕ್ಕ ಹಾಕಬಹುದು: ಚದರಡಿಗೆ ತಿಂಗಳಿಗೆ 30 ರೂಪಾಯಿ ಬಾಡಿಗೆ ಎಂದುಕೊಂಡರೆ, 20 ಚದರಡಿ ಆಕ್ರಮಿಸಿದ ಹಳೆಯ ಸಾಮಾನಿಗೆ ವರ್ಷಕ್ಕೆ 7,200 ರೂಪಾಯಿ ಸಲ್ಲುತ್ತಿದೆ.

ಕಾಗದಪತ್ರಗಳ ವಿಷಯ ಸಲೀಸು. ಕ್ರಯಪತ್ರ, ಖಾತಾ, ಋಣಭಾರ ಪ್ರಮಾಣಪತ್ರ, ಆಸ್ತಿ ತೆರಿಗೆಯ ರಸೀದಿಗಳು ಒಂದು ಫೈಲಿನಲ್ಲಿ ಶಾಶ್ವತವಾಗಿ ಉಳಿಯಲಿ. ಇ-ಖಾತಾ ಮಾಡಿಸುವಾಗ ವಿದ್ಯುತ್ ಸಂಪರ್ಕದ ಸಂಖ್ಯೆಯನ್ನೂ ಕೇಳುವುದರಿಂದ ಬೆಸ್ಕಾಂನ ಇತ್ತೀಚಿನ ಒಂದು ಬಿಲ್ಲು ಅದರ ಜೊತೆಗಿರಲಿ. ಕೆಟ್ಟುಹೋದ ಮಿಕ್ಸಿಯ ವಾರಂಟಿ ಕಾರ್ಡನ್ನು ಹರಿಯಲು ಯಾರ ಅಪ್ಪಣೆಯೂ ಬೇಡ.

ತಲೆಯೊಳಗಿನ ಅಟ್ಟ

ಮನಸ್ಸಿನ ರಾಶಿಗೂ ಇದೇ ಕ್ರಮ ನಡೆಯುತ್ತದೆ, ಏಕೆಂದರೆ ಅಲ್ಲಿರುವುದೂ ತೀರ್ಮಾನವಾಗದ ಸರಕೇ. ಒಂದು ಹಾಳೆ ತೆಗೆದುಕೊಂಡು, ಪ್ರಾಮುಖ್ಯದ ಗೊಡವೆಗೆ ಹೋಗದೆ, ಕೊರೆಯುತ್ತಿರುವುದನ್ನೆಲ್ಲ ಬರೆಯಿರಿ: ಹಲ್ಲಿನ ವೈದ್ಯರು, ಚಿಕ್ಕಪ್ಪನಿಗೆ ಫೋನು, ಸೋರುವ ನಲ್ಲಿ, ಖಾತಾ. ಆಮೇಲೆ ಪ್ರತಿ ಸಾಲಿನ ಮುಂದೆ ಕೈಯಿಂದ ಮಾಡಬಹುದಾದ ಮೊದಲ ಕೆಲಸವನ್ನೂ ದಿನವನ್ನೂ ಬರೆಯಿರಿ. ‘ಖಾತಾ’ ಎಂಬುದು ಕೆಲಸವಲ್ಲ, ಅದೊಂದು ತಲೆನೋವಿನ ಹೆಸರು. ‘ಸೋಮವಾರ ರಾತ್ರಿ ಕ್ರಯಪತ್ರವನ್ನು ಸ್ಕ್ಯಾನ್ ಮಾಡುವುದು’ ಎಂಬುದು ಕೆಲಸ. ಅರ್ಧಕ್ಕೆ ನಿಂತ ಕೆಲಸಗಳು ಬೇರೆ ಕೆಲಸದ ನಡುವೆ ಮನಸ್ಸಿಗೆ ನುಗ್ಗುತ್ತವೆ, ಆದರೆ ಅವನ್ನು ಎಂದು, ಹೇಗೆ ಮಾಡುವುದೆಂಬ ಖಚಿತ ಯೋಜನೆ ಬರೆದಿಟ್ಟರೆ, ಕೆಲಸ ಆಗದಿದ್ದರೂ ಆ ಕಾಟ ತಗ್ಗುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಮಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ವರದಿ ಮಾಡಿದ್ದರು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತು ಅದೇ ನಲ್ಲಿಯನ್ನು ನಾಲ್ಕನೆಯ ಸಲ ನೆನೆದುಕೊಂಡವರಿಗೆ ಇದರ ಬೆಲೆ ತಿಳಿದೀತು. ವಾಟ್ಸಾಪಿನಲ್ಲಿ ನಿಮಗೆ ನೀವೇ ಕಳಿಸಿಕೊಂಡ ಸಂದೇಶಗಳನ್ನೂ ಈ ಹಾಳೆಗೆ ಇಳಿಸಿ ಅಲ್ಲಿಂದ ಅಳಿಸಿಬಿಡಿ.

ಎರಡು ಭಾನುವಾರ ತಪ್ಪುವುದು ಖಂಡಿತ. ಆಗ ನಿಮ್ಮನ್ನು ನೀವು ಬೈದುಕೊಂಡು ಪ್ರಯೋಜನವಿಲ್ಲ. ಮೊದಲ ಪರೀಕ್ಷೆಗೆ ಓದು ಮುಂದೂಡಿದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರೆಂದು ಕೆನಡಾದ 2010ರ ಅಧ್ಯಯನವೊಂದು ಹೇಳುತ್ತದೆ. ಮೂರನೆಯ ಭಾನುವಾರ ಇನ್ನೊಂದು ಚಿಕ್ಕ ಡ್ರಾಯರಿನಿಂದ ಮತ್ತೆ ಆರಂಭಿಸಿ.

ಅಟ್ಟದ ಆ ಪೆಟ್ಟಿಗೆಗೆ ಬರಬೇಕಾದದ್ದು ಎಲ್ಲಕ್ಕಿಂತ ಕೊನೆಯಲ್ಲಿ, ಅಷ್ಟು ಹೊತ್ತಿಗೆ ತೀರ್ಮಾನ ಮಾಡುವ ಕೈ ಪಳಗಿರುತ್ತದೆ. ಅಪ್ಪನ ನಿಂತ ವಾಚು, ಮದುವೆಯ ಆಮಂತ್ರಣ, ಪತ್ರಗಳು ಇರುವುದು ಅದರಲ್ಲೇ. ಇವಕ್ಕೆಂದು ಒಂದು ಟ್ರಂಕನ್ನು ಗೊತ್ತುಮಾಡಿ, ಅದರಲ್ಲಿ ಹಿಡಿಸುವಷ್ಟನ್ನು ನಿಸ್ಸಂಕೋಚವಾಗಿ ಇಟ್ಟುಕೊಳ್ಳಿ; ಬಟ್ಟೆ, ಕಾಗದಗಳ ನಡುವೆ ಒಂದಿಷ್ಟು ಒಣ ಬೇವಿನ ಎಲೆ ಹಾಕಿ. ಫೋಟೊಗಳಿಗೆ ಮಾತ್ರ 25 ನಿಮಿಷದ ಲೆಕ್ಕ ಬೇಡ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿಯೊಂದರ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಇಸವಿ ಬರೆದುಕೊಳ್ಳಿ. ಎಡದಿಂದ ಮೂರನೆಯವರು ಯಾರೆಂಬುದು ಅವರೊಬ್ಬರಿಗೇ ಗೊತ್ತಿರುತ್ತದೆ.