ಅಕೌಂಟಿಗೆ ಯಾರದೋ ದುಡ್ಡು ಬಂದು ಬಿದ್ರೆ ಏನ್ಮಾಡ್ಬೇಕು?

ಹಾಸನದಲ್ಲಿರೋ ನಮ್ ಭಾವ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಫೋನು ಟಿಣ್ ಅಂತು, ನೋಡಿದ್ರೆ 23,500 ರೂಪಾಯಿ ಜಮಾ. ಯಾರು ಹಾಕಿದ್ದು, ಯಾಕೆ ಹಾಕಿದ್ದು, ಒಂದೂ ಗೊತ್ತಿಲ್ಲ. "ಹಳೇ ಚೀಟಿ ದುಡ್ಡಿರ್ಬೇಕು ನೋಡ್ರೀ" ಅಂತ ಅಕ್ಕ, "ಸುಮ್ನಿರಪ್ಪ, ಕೇಳ್ಕೊಂಡು ಬಂದ್ರೆ ಕೊಟ್ರಾಯ್ತು" ಅಂತ ಮಗ. ಬಹಳ ಜನ ಮಾಡೋದು ಮಗ ಹೇಳಿದ್ದನ್ನೇ, ಸಿಕ್ಕಾಕೊಳ್ಳೋದೂ ಅಲ್ಲೇ.

ಮೊದಲು ದುಡ್ಡು ನಿಜವಾಗ್ಲೂ ಬಂದಿದ್ಯಾ ನೋಡಿ. ಮೆಸೇಜ್ ನಂಬಬೇಡಿ, ಜಮಾ ಆಯ್ತು ಅನ್ನೋ ಸುಳ್ಳು ಮೆಸೇಜ್ ಕಳಿಸಿ, ಎರಡೇ ನಿಮಿಷಕ್ಕೆ ಫೋನ್ ಮಾಡಿ "ಅಣ್ಣ ಆಸ್ಪತ್ರೆ ದುಡ್ಡು, ತಪ್ಪಿ ನಿಮಗೆ ಬಂದ್ಬಿಟ್ಟಿದೆ, ವಾಪಸ್ ಹಾಕಿ" ಅಂತ ಅಳೋರು ಇದಾರೆ. ಬ್ಯಾಂಕಿನ ಆಪ್ ತೆಗೆದು ಬ್ಯಾಲೆನ್ಸ್ ನೋಡಿ, ಇಲ್ಲಾಂದ್ರೆ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಬಂದಿಲ್ಲ ಅಂದ್ರೆ ಕಥೆ ಅಲ್ಲಿಗೇ ಮುಗೀತು.

ಬಂದಿದ್ರೆ ಮುಟ್ಟಬೇಡಿ, ಅಷ್ಟೇ. 1872ರ ಕಾಂಟ್ರ್ಯಾಕ್ಟ್ ಆಕ್ಟ್‌ನ 72ನೇ ಸೆಕ್ಷನ್ನು ತಪ್ಪಿ ಬಂದ ದುಡ್ಡನ್ನ ವಾಪಸ್ ಕೊಡಲೇಬೇಕು ಅನ್ನುತ್ತೆ, ತಪ್ಪು ಬ್ಯಾಂಕಿಂದಾ ಇನ್ಯಾರದ್ದಾ ಅನ್ನೋದು ಲೆಕ್ಕಕ್ಕಿಲ್ಲ. ಇದು ಸಿವಿಲ್ ಮಾತಾಯ್ತು. ನಮ್ದಲ್ಲ ಅಂತ ಗೊತ್ತಿದ್ದೂ ಖರ್ಚು ಮಾಡಿದ್ರೆ ಕ್ರಿಮಿನಲ್ ಆಗುತ್ತೆ, 2024ರ ಜುಲೈ 1ರಿಂದ ಜಾರಿಗೆ ಬಂದಿರೋ ಭಾರತೀಯ ನ್ಯಾಯ ಸಂಹಿತೆಯ 314ನೇ ಸೆಕ್ಷನ್ನು, ಕಡಿಮೆ ಅಂದ್ರೆ 6 ತಿಂಗಳು, ಹೆಚ್ಚಂದ್ರೆ 2 ವರ್ಷ ಜೈಲು, ಜೊತೆಗೆ ದಂಡ. ಹಳೇ ಐಪಿಸಿ 403ರಲ್ಲಿ ಬರೀ ದಂಡ ಕಟ್ಟಿ ಬಚಾವಾಗೋ ದಾರಿ ಇತ್ತು, ಈಗ ಅದೂ ಇಲ್ಲ. "ಸದ್ಯಕ್ಕೆ ಬಳಸ್ಕೊಂಡು ತಿಂಗಳ ಕೊನೇಲಿ ಹಾಕ್ತೀನಿ" ಅನ್ನೋ ಬುದ್ಧಿವಂತಿಕೆನೂ ನಡೆಯಲ್ಲ, ಸ್ವಲ್ಪ ದಿನಕ್ಕೆ ಅಂತ ಬಳಸ್ಕೊಂಡ್ರೂ ಅಪರಾಧವೇ ಅಂತ ಆ ಸೆಕ್ಷನ್ನಿನ ವಿವರಣೆಯಲ್ಲೇ ಇದೆ.

2021ರಲ್ಲಿ ಬಿಹಾರದ ಖಗಡಿಯಾದಲ್ಲಿ ಒಬ್ಬರಿಗೆ ಗ್ರಾಮೀಣ ಬ್ಯಾಂಕಿನಿಂದ ಐದೂವರೆ ಲಕ್ಷ ತಪ್ಪಿ ಬಂತು, ಬ್ಯಾಂಕ್ ಕೇಳಿದ್ರೆ ಪ್ರಧಾನಿ ಕೊಡ್ತೀನಿ ಅಂದಿದ್ದ 15 ಲಕ್ಷದ ಮೊದಲ ಕಂತು ಅಂದ್ಕೊಂಡೆ, ಖರ್ಚಾಗೋಯ್ತು ಅಂದ್ರು, ಪೊಲೀಸರು ಎತ್ತಾಕೊಂಡು ಹೋದ್ರು. 2023ರ ಸೆಪ್ಟೆಂಬರಲ್ಲಿ ಚೆನ್ನೈನ ಟ್ಯಾಕ್ಸಿ ಡ್ರೈವರ್ ಒಬ್ಬರಿಗೆ ತಮಿಳ್ನಾಡ್ ಮರ್ಕಂಟೈಲ್ ಬ್ಯಾಂಕಿಂದ 9,000 ಕೋಟಿ ಬಂದಿತ್ತು, ಅವರು ನಂಬದೆ ಪರೀಕ್ಷೆಗೆ ಅಂತ ಗೆಳೆಯನಿಗೆ 21,000 ಕಳಿಸಿ ನೋಡಿದ್ರು, ಹೋಗೇಬಿಡ್ತು! ಉಳಿದದ್ದನ್ನ ಬ್ಯಾಂಕ್ ತಾನೇ ಎಳ್ಕೊಂತು. ಅದೇ ವರ್ಷ ನವೆಂಬರಲ್ಲಿ ಯೂಕೋ ಬ್ಯಾಂಕಿನ 41,000ಕ್ಕೂ ಹೆಚ್ಚು ಖಾತೆಗಳಿಗೆ ಸುಮಾರು 820 ಕೋಟಿ ತಪ್ಪಿ ಜಮಾ ಆಗಿ, ಕೆಲವರು ಡ್ರಾ ಮಾಡ್ಕೊಂಡು, ಕೊನೆಗೆ ಸಿಬಿಐವರೆಗೂ ಹೋಯ್ತು.

ಮುಟ್ಟಲ್ಲ ಅಂದ್ಕೊಂಡ್ರೂ ಒಂದು ಎಡವಟ್ಟಿದೆ. ಇಎಂಐ, ಎಲ್‌ಐಸಿ ಪ್ರೀಮಿಯಂ ಆಟೋ ಡೆಬಿಟ್ ಇದ್ರೆ, ನಿಮ್ಮ ದುಡ್ಡು ಕಮ್ಮಿಯಿದ್ದಾಗ ಅದು ಆ ಪರರ ದುಡ್ಡಲ್ಲೇ ಕಟ್ ಆಗಿರುತ್ತೆ. ಭಾವ ಅದಕ್ಕೇ ಆವತ್ತೇ ತಮ್ಮ ಇನ್ನೊಂದು ಖಾತೆಯಿಂದ 6,000 ಇದಕ್ಕೆ ಹಾಕ್ಕೊಂಡ್ರು.

ಈಗ ಮುಖ್ಯವಾದದ್ದು. ಯಾರಾದ್ರೂ ಫೋನ್ ಮಾಡಿ ಈ ನಂಬರಿಗೆ ವಾಪಸ್ ಹಾಕಿ ಅಂದ್ರೆ, ದುಡ್ಡು ನಿಜಕ್ಕೂ ಬಂದಿದ್ರೂ ಹಾಕಬೇಡಿ. ಅದು ಬೇರೆ ಯಾರಿಗೋ ಟೋಪಿ ಹಾಕಿ ತಂದ ದುಡ್ಡಾಗಿದ್ರೆ, ನಿಮ್ಮ ಖಾತೆ ಮೂಲಕ ಮೂರನೇ ಕಡೆ ದಾಟಿಸಿದ ಹಾಗಾಗುತ್ತೆ, ಆಮೇಲೆ ಖಾತೆ ಫ್ರೀಜ್ ಆಗಿ, ಯಾವ್ದೋ ರಾಜ್ಯದ ಸೈಬರ್ ಠಾಣೆಗೆ ಅಲೆಯೋರು ನೀವು. "ನಿಮ್ಮ ಬ್ಯಾಂಕಲ್ಲಿ ಕಂಪ್ಲೇಂಟ್ ಕೊಡಿ, ನಾನು ನನ್ನ ಬ್ಯಾಂಕಿಗೆ ಹೇಳ್ತೀನಿ" ಅಂತ ಫೋನ್ ಇಡಿ.

ಇಟ್ಟು, ನಿಜವಾಗ್ಲೂ ಬ್ರಾಂಚಿಗೆ ಹೋಗಿ. ಬಿಳಿ ಹಾಳೆಯಲ್ಲಿ ತಾರೀಕು, ಮೊತ್ತ, ಯುಟಿಆರ್ ನಂಬರು (ಆ ವ್ಯವಹಾರದ ಗುರುತಿನ ನಂಬರು) ಬರೆದು, "ಈ ಹಣ ನನ್ನದಲ್ಲ, ಬಂದ ಖಾತೆಗೇ ಹಿಂತಿರುಗಿಸಲು ಒಪ್ಪಿಗೆ ಇದೆ" ಅಂತ ಸೇರಿಸಿ ಸಹಿ ಮಾಡಿ, ಎರಡು ಪ್ರತಿ. ಒಂದು ಅವರಿಗೆ, ಇನ್ನೊಂದಕ್ಕೆ ಸೀಲು, ತಾರೀಕು, ಸಹಿ ಹಾಕಿಸ್ಕೊಂಡು ನೀವಿಟ್ಕೊಳ್ಳಿ. ಭಾವನಿಗೆ ಕೌಂಟರಲ್ಲಿ "ಅಯ್ಯೋ ಇದಕ್ಕೆಲ್ಲ ಯಾಕ್ ಸಾರ್ ಲೆಟರು" ಅಂದ್ರಂತೆ, ಇವರು ಬಿಡದೆ ಸೀಲ್ ಹೊಡೆಸ್ಕೊಂಡೇ ಎದ್ದು ಬಂದ್ರು. ನಾಲ್ಕು ದಿನಕ್ಕೆ ದುಡ್ಡು ವಾಪಸ್ ಹೋಯ್ತು. ಯಾರೋ ಒಬ್ಬರು ಫೋನ್ ನಂಬರಲ್ಲಿ ಒಂದು ಅಂಕಿ ತಪ್ಪು ಒತ್ತಿದ್ದು, ಆಪಲ್ಲಿ ಹೆಸರು ತೋರಿಸಿದ್ರೂ ಗೊತ್ತಾಗಿಲ್ಲ, ಯಾಕಂದ್ರೆ ಅವರು ಕಳಿಸಬೇಕಿದ್ದೂ ಮಂಜುನಾಥನಿಗೆ, ನಮ್ ಭಾವನೂ ಮಂಜುನಾಥ!

ನೀವೇ ತಪ್ಪಿ ಕಳಿಸಿದ್ರೆ ತಕ್ಷಣ ಆಪಲ್ಲೂ ಬ್ಯಾಂಕಲ್ಲೂ ದೂರು ಹಾಕಿ ನಂಬರ್ ತಗೊಳ್ಳಿ. ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ಎಲ್ಲರೂ ಹೇಳ್ತಾರೆ, ಅದು ಮೋಸ ಆದಾಗ. ನಿಮ್ಮ ಕೈತಪ್ಪಿಗೆ ಬ್ಯಾಂಕೇ ಜಾಗ. ಆ ಕಡೆಯವರು ಒಪ್ಪದಿದ್ರೆ ಅವರ ಖಾತೆಯಿಂದ ಬ್ಯಾಂಕ್ ತಾನಾಗೇ ತೆಗೆಯೋಕೆ ಹೋಗಲ್ಲ. ನಿಮ್ಮ ದೂರಿಗೆ ಬ್ಯಾಂಕ್ 30 ದಿನ ಕಿವಿಗೊಡಲಿಲ್ಲ ಅಂದ್ರೆ ಬ್ಯಾಂಕಿನ ಮೇಲಿನ ದೂರು ಕೇಳೋ ಆರ್‌ಬಿಐ ಓಂಬುಡ್ಸ್‌ಮನ್ ಇದಾರೆ. ಆ ಕಡೆಯವರು ಜಪ್ಪಯ್ಯ ಅಂದ್ರೂ ಕೊಡಲ್ಲ ಅಂದ್ರೆ ಲಾಯರ್ ನೋಟಿಸು, ಅದಕ್ಕೂ ಬಗ್ಗದಿದ್ರೆ ಸಿವಿಲ್ ದಾವೆ, ಅದಕ್ಕೆ 3 ವರ್ಷ ಟೈಮಿರುತ್ತೆ. ಎರಡು ಸಾವಿರಕ್ಕೆ ಯಾರೂ ಕೋರ್ಟ್ ಮೆಟ್ಟಿಲು ಹತ್ತಲ್ಲ ಬಿಡಿ, ಎರಡು ಲಕ್ಷ ಆದ್ರೆ ಮಾತ್ರ ಆ 3 ವರ್ಷ ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಂಡಿರಿ.