ಹಿಪ್-ಹಾಪ್ ಅನ್ನು ಬೇರಿನಿಂದ ಕೇಳುವ ಬಗೆ

ಹಿಪ್-ಹಾಪ್ ಸಂಗೀತವನ್ನು ಅರಿಯಬಯಸುವವರು ಮೊದಲು ಹಾಡಿನ ಸಾಹಿತ್ಯವನ್ನು ಬದಿಗಿಟ್ಟು ತಾಳಕ್ಕೆ ಕಿವಿಗೊಡಬೇಕು. ಇದು ಮೊದಲು ರೂಪುಗೊಂಡದ್ದು ಲಯಬದ್ಧವಾಗಿ ಸಾಲುಗಳನ್ನು ನುಡಿಯುವ ರ‍್ಯಾಪರ್‌ಗಳ ಬಾಯಲ್ಲಲ್ಲ, ರೆಕಾರ್ಡುಗಳನ್ನು ನುಡಿಸುವ ಡಿಜೆಗಳ ಕೈಯಲ್ಲಿ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನ ಒಂದು ವಸತಿ ಸಮುಚ್ಚಯದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಏರ್ಪಡಿಸಿದ್ದ ಸಂತೋಷಕೂಟದಲ್ಲಿ, ಜಮೈಕಾದಿಂದ ವಲಸೆ ಬಂದಿದ್ದ ಆಕೆಯ ಅಣ್ಣ ಕೂಲ್ ಹರ್ಕ್ ಡಿಜೆಯಾಗಿದ್ದರು. ಹಾಡಿನ ನಡುವೆ ಉಳಿದ ವಾದ್ಯಗಳು ಸುಮ್ಮನಾಗಿ ಡ್ರಮ್ ಮಾತ್ರ ನುಡಿಯುವ 'ಬ್ರೇಕ್' ಬಂದಾಗಲೇ ಜನ ಹುರುಪಿನಿಂದ ಕುಣಿಯುವುದನ್ನು ಅವರು ಗಮನಿಸಿದ್ದರು. ಆದ್ದರಿಂದ ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ರೆಕಾರ್ಡ್ ತಿರುಗಿಸಿ ನುಡಿಸುವ ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಅದನ್ನೇ ಮೊದಲಿನಿಂದ ನುಡಿಸುತ್ತ, ಕೆಲವೇ ಕ್ಷಣಗಳ ತಾಳವನ್ನು ನಿಮಿಷಗಟ್ಟಲೆ ಹಿಗ್ಗಿಸಿದರು.

ಇದನ್ನು ಕಿವಿಯಾರೆ ತಿಳಿಯಲು ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಅವರ 1970ರ 'ಫಂಕಿ ಡ್ರಮ್ಮರ್' ಹಾಡನ್ನು ಪೂರ್ತಿಯಾಗಿ, ಸಾಧ್ಯವಾದರೆ ಹೆಡ್‌ಫೋನ್‌ನಲ್ಲಿ ಕೇಳಬೇಕು. ಕ್ಲೈಡ್ ಸ್ಟಬಲ್‌ಫೀಲ್ಡ್ ಒಬ್ಬರೇ ಡ್ರಮ್ ನುಡಿಸುವ ಭಾಗವನ್ನು ಮರಳಿ ಮರಳಿ ಹಾಕಿಕೊಂಡು, ಬಲವಾದ ಪೆಟ್ಟುಗಳ ನಡುವೆ ಸ್ನೇರ್ ಎಂಬ ಡ್ರಮ್ಮಿನ ಮೇಲೆ ಬೀಳುವ ಮೆಲುಪೆಟ್ಟುಗಳನ್ನು ಹಿಡಿಯಲು ಯತ್ನಿಸಿ. ಬಳಿಕ ಪಬ್ಲಿಕ್ ಎನಿಮಿ ಎಂಬ ಹಿಪ್-ಹಾಪ್ ತಂಡದ 1989ರ 'ಫೈಟ್ ದ ಪವರ್' ಕೇಳಿದರೆ ಅದೇ ಡ್ರಮ್ ಪ್ರತಿಭಟನೆಯ ದನಿಗೆ ಒತ್ತಾಸೆಯಾಗಿರುವುದು ತಿಳಿಯುತ್ತದೆ.

ಸಾಹಿತ್ಯದತ್ತ ಹೊರಳುವುದು ಆಮೇಲೆ. 1982ರ 'ದ ಮೆಸೇಜ್' ಅದಕ್ಕೆ ನನ್ನ ಮೊದಲ ಆಯ್ಕೆ. ಕುಣಿತದ ಕೂಟಗಳಲ್ಲಿ ಬೆಳೆದ ಈ ಕಲೆ ಬಡತನದ ಬದುಕನ್ನು ನೇರವಾಗಿ ನುಡಿಯಬಲ್ಲದೆಂದು ಜಗತ್ತಿಗೆ ತೋರಿಸಿಕೊಟ್ಟ ಹಾಡು ಅದು.